ತೊಗರಿ ಗಿಡ ಹಿಡಿದು ಹೋದರೆ "ಯಾವ ಸೆಕ್ಷನ್?" ಅಂತಾರೆ: ಕೃಷಿ ವಿಸ್ತರಣಾ ಕೇಂದ್ರದ ಆರು ವರ್ಷದ ಅನುಭವ

ಕಲಬುರಗಿ ಜಿಲ್ಲೆಯಲ್ಲಿ ನಮ್ಮದು ಎಂಟು ಎಕರೆ ಎರೆಹೊಲ. ಅದರಲ್ಲಿ ಜಾಸ್ತಿ ತೊಗರಿಯೇ. ಆರು ವರ್ಷದಿಂದ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಕೇಂದ್ರವೊಂದಕ್ಕೆ, ಅಂದರೆ ರೈತರಿಗೆ ಬೆಳೆ ಸಲಹೆ ಕೊಡುವ ಕಡೆಗೆ, ಓಡಾಡುತ್ತಿದ್ದೇನೆ. ಯಾವುದು ಅಂತ ಹೇಳುವುದಿಲ್ಲ, ಬೈಯೋದೂ ಇದೆಯಲ್ಲ. ಪುಕ್ಕಟೆ ಸೇವೆಗೆ ಎಂಥ ವಿಮರ್ಶೆ ಅನ್ನಬೇಡಿ. ಬಸ್ ಚಾರ್ಜು, ಒಂದು ದಿನದ ಕೆಲಸ ಸೇರಿಸಿದರೆ ಪುಕ್ಕಟೆ ಏನಲ್ಲ.

ಮೊದಲ ಸಲ ಹೋದದ್ದು ಅಕ್ಟೋಬರ್‌ನಲ್ಲಿ. ಹೂವಿಗೆ ಬಂದ ತೊಗರಿ ಅಲ್ಲಲ್ಲಿ ಒಣಗುತ್ತಿತ್ತು. ಬೇರುಸಮೇತ ಎರಡು ಗಿಡ ಕಿತ್ತು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಹೋದೆ. ಬಾಗಿಲಲ್ಲೇ ಕೇಳಿದರು, "ಯಾವ ಸೆಕ್ಷನ್‌ಗೆ ಬಂದೀರಿ?"

"ಸೆಕ್ಷನ್ ನನಗೇನ್ ಗೊತ್ತ್ರಿ ಸರ್, ತೊಗರಿ ಒಣಗ್ಲಾಕತ್ತದ."

ರೋಗಕ್ಕೆ ಒಬ್ಬರು, ಹುಳಕ್ಕೆ ಒಬ್ಬರು, ಮಣ್ಣಿಗೆ ಇನ್ನೊಬ್ಬರು. ರೋಗವೋ ಹುಳವೋ ಗೊತ್ತಿದ್ದರೆ ನಾನ್ಯಾಕೆ ಅಲ್ಲಿಗೆ ಹೋಗಲಿ? ಒಂದು ಕೋಣೆಗೆ ಬೀಗ, ಇನ್ನೊಂದರಲ್ಲಿ "ನಾಳೆ ಬರ್ರಿ". ಮಧ್ಯಾಹ್ನ ಎರಡೂವರೆಗೆ ಮೂರನೆಯ ಕೋಣೆಯವರು ಚೀಲ ಬಿಚ್ಚಿಸಿದರು. ಚಾಕು ತೆಗೆದು ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿದರು. ಹೊರಗೆ ಹಸಿರಿದ್ದ ಕಾಂಡದ ಒಳಗೆ ಕಪ್ಪು ಕಂದು ಗೆರೆ. "ನೆಟೆ ರೋಗ ರೀ ಇದು. ಮಣ್ಣಾಗಿಂದ ಬರ್ತದ. ಈಗ ಮ್ಯಾಲಿಂದ ಏನ್ ಹೊಡದ್ರೂ ರೊಕ್ಕ ಹಾಳು" ಅಂದರು. ಹಿಂದಿನ ದಿನವಷ್ಟೇ ಅಂಗಡಿಯವನು 2,400 ರೂಪಾಯಿ ಔಷಧ ಕಟ್ಟಿಕೊಟ್ಟಿದ್ದ. ಅರ್ಧ ಹೊಡೆದೂ ಆಗಿತ್ತು.

ಅವರು ಹೇಳಿದ್ದು ಸರಳ. ಒಣಗಿದ ಜಾಗದಲ್ಲಿ ಮುಂದಿನ ವರ್ಷ ಜೋಳ ಹಾಕು. ತೊಗರಿಗೆ ನೆಟೆ ತಡೆಯುವ ಟಿಎಸ್-3ಆರ್ ಬೀಜ ತಗೋ. ಬಿತ್ತುವ ಮುಂಚೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯುವ ಜೈವಿಕ ಪುಡಿ) ಲೇಪಿಸು. ಹಾಗೇ ಮಾಡಿದೆ. 2022ರಲ್ಲಿ ಜಿಲ್ಲೆಯ ತುಂಬ ನೆಟೆ ರೋಗ ಬಂದಾಗ ನಮ್ಮ ಹೊಲದಲ್ಲಿ ಮುಕ್ಕಾಲು ಪಾಲು ಉಳಿಯಿತು. ಅವರ ತಿಳಿವಳಿಕೆಗೆ ಐದಕ್ಕೆ ಐದು ಕೊಡುತ್ತೇನೆ. ಅದು ರೈತನ ಕೈಗೆ ಬರುವ ದಾರಿಗೆ ಎರಡು.

ಅವರ ಕಷ್ಟವೂ ಗೊತ್ತು. ಇಂಥದ್ದೇ ಸಲಹೆ ಕೊಡುವ ಒಂದು ಕೃಷಿ ವಿಜ್ಞಾನ ಕೇಂದ್ರಕ್ಕೆ ಇರುವುದೇ 16 ಹುದ್ದೆ, ಅದರಲ್ಲಿ ವಿಷಯ ತಜ್ಞರು 6 ಜನ. ನಮ್ಮ ಜಿಲ್ಲೆಗೆ ಅಂಥ ಕೇಂದ್ರ ಎರಡು, ತಾಲ್ಲೂಕು 11. ಮೇಲಿಂದ ಅರ್ಧ ಜನ ಸಬ್ಸಿಡಿ ಬೀಜ ಕೇಳಿಕೊಂಡು ಅಲ್ಲಿಗೇ ಹೋಗುತ್ತಾರೆ. ಅದು ಸಿಗೋದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಅದು ಕೃಷಿ ಇಲಾಖೆಯದು, ಇದು ವಿಶ್ವವಿದ್ಯಾಲಯದ್ದು. ಹೊರಗೆ ಒಂದು ಬೋರ್ಡ್ ಹಾಕಿದ್ದರೂ ಎಷ್ಟೋ ಜನರ ಬಸ್ ಚಾರ್ಜು ಉಳಿಯುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಬದಲಾವಣೆ ಆಯ್ತು. ಬಾಗಿಲ ಹತ್ತಿರ ಒಂದು ಟೇಬಲ್, ಒಂದು ರಿಜಿಸ್ಟರ್. ಅಲ್ಲಿ ಕೂತ ಹುಡುಗಿ ಬೆಳೆ, ತೊಂದರೆ, ಫೋನ್ ನಂಬರ್ ಬರೆದುಕೊಂಡು ಗಿಡಕ್ಕೆ ಚೀಟಿ ಕಟ್ಟುತ್ತಾಳೆ. ತಜ್ಞರಿದ್ದರೆ ಅವರನ್ನೇ ಟೇಬಲ್ ಹತ್ತಿರ ಕರೆಯುತ್ತಾಳೆ, ಇಲ್ಲದಿದ್ದರೆ ಸಂಜೆ ಫೋನ್ ಬರುತ್ತೆ. ಹೋದ ವರ್ಷ ಕಾಯಿಕೊರಕದ ಹುಳ ತಗೊಂಡು ಹೋದಾಗ ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದೆ. ಹೊಸ ಕಟ್ಟಡ, ಆಪ್ ಏನೂ ಇಲ್ಲ. ಆಪ್ ಅಂದರೆ ನೆನಪಾಯ್ತು, ಅವರ ವಾಟ್ಸಾಪ್ ಗ್ರೂಪ್ ಶುಭೋದಯದ ಚಿತ್ರಗಳಿಂದಲೇ ತುಂಬಿ ಹೋಗಿದೆ. ನಾನು ಮ್ಯೂಟ್ ಮಾಡಿದ್ದೇನೆ.

ತರಬೇತಿಗಳದ್ದು ಬೇರೆ ಕಥೆ. ಬೀಜೋಪಚಾರದ ತರಬೇತಿ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರು. ಹೋದವರೆಲ್ಲ ಗಂಡಸರು, ನಾನೂ ಸೇರಿ. ಮನೆಯಲ್ಲಿ ಬೀಜಕ್ಕೆ ಔಷಧ ಹಚ್ಚೋದು ನಮ್ಮವ್ವ. ನಾನು ಕಲಿತು ಬಂದದ್ದನ್ನು ಹೇಳಿದರೆ "ನೀ ಹಚ್ಚಿ ತೋರ್ಸು ಬಾ" ಅಂದಳು, ಅರ್ಧ ಮರೆತಿದ್ದೆ! ಮರುವರ್ಷ ಅವರೇ ಸಂಜೆ ಐದಕ್ಕೆ ಊರಿಗೆ ಬಂದು ಹಣಮಂತನ ಗುಡಿ ಕಟ್ಟೆ ಮೇಲೆ ಮಾಡಿ ತೋರಿಸಿದರು. ಬೆಲ್ಲದ ನೀರು ಚಿಮುಕಿಸಿ ಬೀಜ ಹೊರಳಾಡಿಸಿ ನೆರಳಲ್ಲಿ ಆರಿಸೋದು. ಅವ್ವ ಈಗ ಓಣಿಗೆಲ್ಲ ಅವಳೇ ಮಾಸ್ತರ. ಅದಾದ ಮೇಲೆ ಅಂಥದ್ದು ನಮ್ಮೂರಲ್ಲಿ ನಡೆದಿಲ್ಲ. ಹೋದ ವರ್ಷದ ತರಬೇತಿಯನ್ನು ತೊಗರಿ ರಾಶಿಯ ಹೊತ್ತಿಗೇ ಇಟ್ಟರು. ಖಾಲಿ ಕುರ್ಚಿಗಳ ಫೋಟೋ ತೆಗೆದುಕೊಂಡಿರಬೇಕು.

ದೊಡ್ಡ ಸಿಟ್ಟು ಮಣ್ಣು ಪರೀಕ್ಷೆ ಮೇಲೆ. ಹೋದ ವರ್ಷ ಮೇನಲ್ಲಿ ಮಣ್ಣು ಕೊಟ್ಟರೆ ಚೀಟಿ ಬಂದದ್ದು ಆಗಸ್ಟ್‌ನಲ್ಲಿ. ಗೊಬ್ಬರ ಹಾಕಿ ಬಿತ್ತಿ ಎಡೆ ಹೊಡೆದಾದ ಮೇಲೆ ಅದನ್ನು ತಗೊಂಡು ಏನು ಮಾಡಲಿ?

ಹೋಗುವವರಿಗೆ ಒಂದೆರಡು ಮಾತು. ಗಿಡ ತಗೊಂಡು ಹೋಗುವಾಗ ಪೂರ್ತಿ ಒಣಗಿದ್ದು ಬೇಡ, ಈಗಷ್ಟೇ ಬಾಡುತ್ತಿರುವುದನ್ನು ಬೇರುಸಮೇತ ಪೇಪರ್‌ನಲ್ಲಿ ಸುತ್ತಿ. ಪ್ಲಾಸ್ಟಿಕ್‌ನಲ್ಲಿ ಬೆವರಿ ಕೊಳೆಯುತ್ತೆ, ನನ್ನಂತೆ ಮಾಡಬೇಡಿ. ಸಣ್ಣ ಪ್ರಶ್ನೆಗೆ ಅಷ್ಟು ದೂರ ಹೋಗೋದೇ ಬೇಡ, ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಒಟ್ಟು ಐದಕ್ಕೆ ಮೂರೂವರೆ. ಈ ಸಲ ಮಾರ್ಚ್‌ನಲ್ಲೇ ಮಣ್ಣು ಕೊಟ್ಟು ಬಂದಿದ್ದೇನೆ. ಜೂನ್‌ನ ಮಿರಗದ ಮಳೆಗೆ ಮುಂಚೆ ಚೀಟಿ ಕೈಗೆ ಬಂದರೆ ಅರ್ಧ ಸ್ಟಾರ್ ಏರಿಸುತ್ತೇನೆ.