ನಿದ್ದೆಗಾಗಿ ಕೊಂಡದ್ದು, ಕುಡಿದದ್ದು, ಬಿಟ್ಟದ್ದು: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ನಿದ್ದೆ ಬರಿಸುತ್ತೇವೆಂದು ಮಾರುವ ಯಾವ ವಸ್ತುವಿಗೂ ಮೊದಲ ವಾರದಲ್ಲಿ ವಿಮರ್ಶೆ ಬರೆಯಬಾರದು. ಮೊದಲ ವಾರ ಎಲ್ಲವೂ ಕೆಲಸ ಮಾಡುತ್ತವೆ. ದುಡ್ಡು ಕೊಟ್ಟಿದ್ದೇವೆ ಎಂಬ ನಂಬಿಕೆಯೇ ಅರ್ಧ ನಿದ್ದೆ ಬರಿಸುತ್ತದೆ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಮದ್ದಿಗೂ ಅದೇ ಅಳತೆ ಇಟ್ಟು, ಮೂರು ತಿಂಗಳು ದಾಟಿದ ಮೇಲೆ ಕೈಯಲ್ಲಿ ಏನು ಉಳಿಯಿತು ಎಂಬುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ನನ್ನ ತೊಂದರೆ ಶುರುವಾದದ್ದು 2018ರ ಆಗಸ್ಟ್ ಮಳೆಯ ನಂತರ. ನಮ್ಮ ಕಾಫಿ ತೋಟ ಕೊಡಗಿನ ಸುಂಟಿಕೊಪ್ಪದ ಆಚೆ ಇದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಆ ವಾರ ನಮ್ಮ ಮನೆಯ ಒಂದು ಹೆಂಚೂ ಅಲುಗಲಿಲ್ಲ. ಆದರೂ ಮರುವರ್ಷದ ಜೂನ್‌ನಿಂದ, ರಾತ್ರಿ ಮಳೆ ಜೋರಾದರೆ ನನ್ನ ಕಿವಿ ಹಿತ್ತಲ ಗುಡ್ಡದ ಬರೆಯ ಕಡೆಗೇ ನೆಟ್ಟಿರುತ್ತಿತ್ತು. ಮಳೆಗಾಲದ ಎಚ್ಚರ ಮಳೆ ನಿಂತ ಮೇಲೂ ಹೋಗಲಿಲ್ಲ. ಜನವರಿಯ ಚಳಿಯಲ್ಲಿ, ಒಂದು ಎಲೆ ಅಲುಗದ ರಾತ್ರಿಯಲ್ಲೂ ಎರಡು ಗಂಟೆಗೆ ಕಣ್ಣು ಬಿಡುವುದು ಅಭ್ಯಾಸವಾಯಿತು. ಪಕ್ಕದಲ್ಲಿ ಯಜಮಾನರ ಗೊರಕೆ. ಬೆಳಿಗ್ಗೆ ಅವರದೇ ಉಪದೇಶ: ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.’ ಈ ಗಾದೆ ಹೇಳುವವರೆಲ್ಲ ಒಳ್ಳೆಯ ನಿದ್ದೆಗಾರರೇ ಆಗಿರುತ್ತಾರೆ.

ಮನೆಮದ್ದುಗಳಿಂದ ಆರಂಭಿಸುತ್ತೇನೆ. ಗಸಗಸೆ ಪಾಯಸಕ್ಕೆ ಪಾಯಸವಾಗಿ ಐದಕ್ಕೆ ಐದು, ಮದ್ದಾಗಿ ಒಂದು. ಅಫೀಮಿನ ಗಿಡದ ಬೀಜವೇ ಹೌದು, ಆದರೆ ಅಫೀಮು ಇರುವುದು ಕಾಯಿಯ ಹಾಲಿನಲ್ಲಿ. ಬೀಜದಲ್ಲಿ ಅಂಟಿಕೊಂಡಿರುವುದು ಅತ್ಯಲ್ಪ, ಅದೂ ತೊಳೆದು ಹುರಿದರೆ ಇನ್ನೂ ಕಡಿಮೆಯಾಗುತ್ತದೆ. ಹೊಟ್ಟೆ ತುಂಬ ತೆಂಗಿನ ಹಾಲು, ಬೆಲ್ಲ ಸೇರಿದ ಪಾಯಸ ಕುಡಿದವರಿಗೆ ಬರುವ ತೂಕಡಿಕೆ ಬೇರೆ, ರಾತ್ರಿ ಎರಡರಿಂದ ಐದರವರೆಗೆ ಬೇಕಾದ ನಿದ್ದೆ ಬೇರೆ. (ಗಲ್ಫ್‌ನಲ್ಲಿರುವ ಮಕ್ಕಳಿಗೆಂದು ಗಸಗಸೆ ಪೊಟ್ಟಣ ಕಟ್ಟುವವರಿಗೆ ಒಂದು ಮಾತು: ಅಲ್ಲಿ ಅದು ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.) ಜಾಯಿಕಾಯಿ ತೇಯ್ದ ಹಾಲನ್ನು ಅತ್ತೆ ಬಹುಕಾಲ ಕೊಟ್ಟರು. ಚಿಟಿಕೆಯಷ್ಟಾದರೆ ತೊಂದರೆಯಿಲ್ಲ, ಲಾಭವೂ ಕಾಣಲಿಲ್ಲ. ತೋಟದಲ್ಲೇ ಬೆಳೆಯುತ್ತದೆ ಎಂದು ಧಾರಾಳವಾಗಿ ತೇಯುವವರು ಎಚ್ಚರದಿಂದಿರಬೇಕು. ಚಮಚಗಟ್ಟಲೆ ಹೊಟ್ಟೆಗೆ ಹೋದರೆ ವಾಂತಿ, ಎದೆಬಡಿತ, ಭ್ರಮೆ ಎಲ್ಲವೂ ಬರುತ್ತವೆ. ಅಂಗಾಲಿಗೆ ಹರಳೆಣ್ಣೆ ಹಚ್ಚಿದ್ದರಿಂದ ಆದದ್ದು ಹಾಸಿಗೆ ಬಟ್ಟೆಗೆ ಕಲೆ, ಅಷ್ಟೇ.

ಮದುವೆ ಮನೆಗಳಲ್ಲಿ ನೆಂಟರು ಕೊಡುವ ಸಲಹೆ ‘ಎರಡು ಪೆಗ್’. ನಮ್ಮ ಜಿಲ್ಲೆಯಲ್ಲಿ ಈ ಸಲಹೆಗೆ ಎಂದೂ ಬರವಿಲ್ಲ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ಅದು ಮೈಯಿಂದ ಇಳಿಯುವ ಹೊತ್ತಿಗೆ, ರಾತ್ರಿಯ ಎರಡನೆಯ ಅರ್ಧದಲ್ಲಿ, ನಿದ್ದೆಯನ್ನು ಚೂರು ಚೂರು ಮಾಡುತ್ತದೆ. ಬೆಳಗಿನ ಜಾವ ಎಚ್ಚರವಾಗುವುದೇ ಕಾಯಿಲೆಯಾಗಿರುವ ನನ್ನಂಥವರಿಗೆ ಇದು ಔಷಧದ ತದ್ವಿರುದ್ಧ.

ಶಿರೋಧಾರೆಯನ್ನು ಒಂದು ರೆಸಾರ್ಟ್‌ನಲ್ಲಿ ಮಾಡಿಸಿಕೊಂಡೆ. ಹಣೆಯ ಮೇಲೆ ಉಗುರು ಬೆಚ್ಚಗಿನ ಎಣ್ಣೆ ಒಂದೇ ಧಾರೆಯಾಗಿ ಬೀಳುತ್ತಿದ್ದರೆ ಅಲ್ಲೇ ಜೊಂಪು ಹತ್ತುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಸುಖ ಒಂದೆರಡು ರಾತ್ರಿ ಮಾತ್ರ. ಒಂದು ಸಲಕ್ಕೆ ಕೇಳುವ ಹಣದಲ್ಲಿ ತೋಟಕ್ಕೆ ಹಲವು ಆಳುಗಳನ್ನು ಕರೆಸಬಹುದು. ರಜೆಯ ಖರ್ಚೆಂದು ಭಾವಿಸಿದರೆ ಮೂರು ಅಂಕ ಕೊಡುತ್ತೇನೆ.

ಅಶ್ವಗಂಧ ಚೂರ್ಣ, ಆಮೇಲೆ ಅದರದೇ ಮಾತ್ರೆ. ಕೆಲವು ವಾರಗಳಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು. ನಿದ್ದೆಯ ಮೇಲೆ ಅದಕ್ಕೆ ಸಣ್ಣ ಮಟ್ಟದ ಪರಿಣಾಮವಿದೆ ಎನ್ನುವ ಅಧ್ಯಯನಗಳೂ ಇವೆ. ಆದರೆ ನಾನು ಥೈರಾಯ್ಡ್ ಮಾತ್ರೆ ನುಂಗುವವಳು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು ಎಂದು ವೈದ್ಯರು ನಿಲ್ಲಿಸಿದರು. ಅಪರೂಪಕ್ಕೆ ಯಕೃತ್ತಿಗೂ ಪೆಟ್ಟು ಬೀಳುತ್ತದೆಯಂತೆ. ‘ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ’ ಎನ್ನುವ ಅಂಗಡಿಯವರ ಮಾತಿಗೆ ಸೊನ್ನೆ ಅಂಕ.

ಮೆಲಟೋನಿನ್ ಗಮ್ಮಿ ಅಮೆರಿಕದಿಂದ ಬಂದ ಅಕ್ಕನ ಮಗನ ಉಡುಗೊರೆ. ಮೆಲಟೋನಿನ್ ಮೆದುಳಿಗೆ ಕತ್ತಲಾಯಿತೆಂದು ಸುದ್ದಿ ಮುಟ್ಟಿಸುವ ಹಾರ್ಮೋನು, ಹೊಡೆದು ಮಲಗಿಸುವ ಮದ್ದಲ್ಲ. ಅಮೆರಿಕದಿಂದ ಇಲ್ಲಿಗೆ ಬಂದು ಹಗಲು ರಾತ್ರಿ ಅದಲುಬದಲಾದ ಅವನಿಗೆ ಉಪಯೋಗಕ್ಕೆ ಬಂತು, ನನಗೆ ಬರಲಿಲ್ಲ. ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆಯೇ 2017ರ ಮಾರ್ಗಸೂಚಿಯಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಇದನ್ನು ಶಿಫಾರಸು ಮಾಡಿಲ್ಲ. 2023ರಲ್ಲಿ ಅಲ್ಲಿನ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಚೀಟಿಯ ಮೇಲಿನ ಪ್ರಮಾಣಕ್ಕೂ ಒಳಗಿದ್ದುದಕ್ಕೂ ತಾಳೆಯಾಗಲಿಲ್ಲ. ಮಕ್ಕಳ ಕೈಗೆ ಸಿಗದಂತೆ ಮೇಲಿಡಿ, ಮಿಠಾಯಿಯಂತೆಯೇ ಇರುತ್ತವೆ.

ಇನ್ನು ಮಾತ್ರೆಗಳು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಬರೆಯಬೇಕು. ಏಕೆಂದರೆ ನಮ್ಮ ಕಡೆ ಐವತ್ತು ದಾಟಿದ ಹೆಂಗಸರ ಕೈಚೀಲದಲ್ಲಿ ಇವು ಏಲಕ್ಕಿ ಲವಂಗದಷ್ಟು ಸಾಮಾನ್ಯವಾಗಿವೆ.

ನನಗೆ ಮೊದಲು ಬರೆದುಕೊಟ್ಟದ್ದು ಆಲ್‌ಪ್ರಜೋಲಾಮ್, ಅದೂ ಕೆಲವೇ ದಿನಗಳಿಗೆ. ಮೊದಲ ರಾತ್ರಿ ಅದು ಕೊಟ್ಟ ನಿದ್ದೆಯನ್ನು ಇಂದಿಗೂ ಮರೆತಿಲ್ಲ. ಮಳೆ ಬಂದದ್ದೇ ಗೊತ್ತಾಗಲಿಲ್ಲ. ಚೀಟಿಯ ಅವಧಿ ಮುಗಿದ ಮೇಲೂ ಒಂದು ಔಷಧಿ ಅಂಗಡಿಯಲ್ಲಿ ‘ಆಂಟಿ, ಅದೇ ತಾನೇ?’ ಎಂದು ಕೇಳಿ ಕೊಡುತ್ತಲೇ ಹೋದರು. ಇದು ಕಾನೂನಿಗೆ ವಿರುದ್ಧ. ಆಲ್‌ಪ್ರಜೋಲಾಮ್, ಇನ್ನೊಂದು ನಿದ್ದೆ ಮಾತ್ರೆಯಾದ ಜೋಲ್ಪಿಡೆಮ್ ಎರಡೂ 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಅಂಗಡಿಯಲ್ಲಿ ಅಂಥ ಪುಸ್ತಕವನ್ನು ನಾನು ಕಾಣಲಿಲ್ಲ.

ಕೆಲವು ತಿಂಗಳಲ್ಲಿ ಅರ್ಧ ಮಾತ್ರೆಯ ನಿದ್ದೆಗೆ ಒಂದು ಮಾತ್ರೆ ಬೇಕಾಯಿತು. ಬೆಳಿಗ್ಗೆ ಹತ್ತರವರೆಗೆ ಮಂಪರು. ಚೆಕ್‌ರೋಲ್‌ನಲ್ಲಿ ಆಳುಗಳ ಹಾಜರಿ ಹಾಕುವಾಗ ಒಂದೇ ಹೆಸರನ್ನು ಎರಡು ಸಲ ಬರೆಯುತ್ತಿದ್ದೆ. ಒಂದು ರಾತ್ರಿ ಬಿಟ್ಟರೆ ಮದ್ದಿಗೆ ಮೊದಲಿದ್ದ ಎಚ್ಚರಕ್ಕಿಂತ ಹೆಚ್ಚಿನ ಎಚ್ಚರ. ಇದು ಕಾಯಿಲೆ ಮರಳಿದ್ದಲ್ಲ, ಮಾತ್ರೆ ಬಿಟ್ಟಿದ್ದರ ಎದುರೇಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದಲೇ ಜನ ‘ಮಾತ್ರೆ ಇಲ್ಲದೆ ಆಗುವುದೇ ಇಲ್ಲ’ ಎಂದುಕೊಂಡು ವರ್ಷಗಟ್ಟಲೆ ಮುಂದುವರಿಸುತ್ತಾರೆ. ಒಮ್ಮೆಲೇ ನಿಲ್ಲಿಸುವುದು ಅದಕ್ಕಿಂತ ಅಪಾಯ, ಬಹಳ ಕಾಲ ತೆಗೆದುಕೊಂಡವರಿಗೆ ಫಿಟ್ಸ್ ಕೂಡ ಬರಬಹುದು. ಮೈಸೂರಿನ ಮನೋವೈದ್ಯರೊಬ್ಬರು ತಿಂಗಳುಗಟ್ಟಲೆ ಕಾಲು ಕಾಲು ಮಾತ್ರೆಯಾಗಿ ಇಳಿಸಿದರು. ಅಡುಗೆಮನೆಯ ಚಾಕುವಿನಲ್ಲಿ ಆ ಪುಟ್ಟ ಮಾತ್ರೆಯನ್ನು ನಾಲ್ಕು ಮಾಡಲು ಹೋದರೆ ಒಂದು ಚೂರು ಮಣೆಯ ಮೇಲೆ ಪುಡಿಯಾಗುತ್ತದೆ, ಇನ್ನೊಂದು ಹಾರಿ ಅಕ್ಕಿ ಡಬ್ಬಿಯ ಹಿಂದೆ ಸೇರುತ್ತದೆ. ಔಷಧಿ ಅಂಗಡಿಯಲ್ಲಿ ಮಾತ್ರೆ ಕತ್ತರಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದನ್ನು ಕೊಳ್ಳಿ. ಇಷ್ಟು ವರ್ಷಗಳಲ್ಲಿ ನಾನು ಕೊಂಡ ವಸ್ತುಗಳಲ್ಲಿ ಕೊಟ್ಟ ಬೆಲೆಗೆ ಪೂರ್ತಿ ಬಾಳಿದ್ದು ಅದೊಂದೇ.

ಜೋಲ್ಪಿಡೆಮ್ ನನಗೆ ಕೊಟ್ಟಿರಲಿಲ್ಲ. ನನ್ನ ಓರಗಿತ್ತಿ ತೆಗೆದುಕೊಂಡು, ರಾತ್ರಿ ಎದ್ದು ಒಲೆ ಹಚ್ಚಿ ದೋಸೆ ಹೊಯ್ದು ತಿಂದಿದ್ದಳು. ಬೆಳಿಗ್ಗೆ ಕಾವಲಿ ನೋಡಿ ಯಾರ ಕೆಲಸವೆಂದು ಅವಳೇ ಮನೆಮಂದಿಯನ್ನು ಕೇಳಿದಳು. ಈ ಥರದ ನಿದ್ದೆಗಣ್ಣಿನ ಓಡಾಟಕ್ಕೇ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮದ್ದಿನ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ವಯಸ್ಸಾದವರು ಇಂಥ ಯಾವ ಮಾತ್ರೆ ತೆಗೆದುಕೊಂಡರೂ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಬೇರೆ. ಸಾವು ನೋವಿನ ಒಂದೆರಡು ವಾರ ದಾಟಿಸಲು ಮಾತ್ರೆಗಳಿಗೆ ನಾಲ್ಕು ಅಂಕ. ವರ್ಷಗಳ ಬಳಕೆಗೆ ಒಂದು.

ನನ್ನ ಮಾತ್ರೆ ಇಳಿಸುವುದು ನಡೆದಿರುವಾಗಲೇ ಮೈಸೂರಿನ ಆ ವೈದ್ಯರು ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಕಳಿಸಿದರು. ನಿದ್ರಾಹೀನತೆಗೆಂದೇ ಇರುವ ಸಿಬಿಟಿ, ಅಂದರೆ ನಿದ್ದೆಯ ಕುರಿತ ಅಭ್ಯಾಸಗಳನ್ನೂ ಆಲೋಚನೆಗಳನ್ನೂ ತಿದ್ದುವ ಚಿಕಿತ್ಸೆ. ಅಮೆರಿಕದ ವೈದ್ಯರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಮಾತ್ರೆಗಿಂತ ಮೊದಲು ಇದನ್ನು ಕೊಡಿ ಎಂದು ಹೇಳಿದೆ. ಇಲ್ಲಿ ಇದನ್ನು ಕೇಳಿದವರೇ ಕಡಿಮೆ. ಒಂದೆರಡು ಸಲ ಮೈಸೂರಿಗೆ ಹೋದೆ, ಉಳಿದದ್ದು ವಿಡಿಯೊ ಕರೆಯಲ್ಲಿ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಹಾಗಾಗಿ ನನ್ನ ಮನಸ್ಸಿನ ಗುಟ್ಟುಗಳನ್ನೆಲ್ಲ ಕಾಫಿ ಹರವುತ್ತಿದ್ದ ಆಳುಗಳೂ ಕೇಳಿದ್ದಾರೆ.

ಮೊದಲು ನಿದ್ದೆಯ ದಿನಚರಿ ಬರೆಸಿದರು. ನಾನು ರಾತ್ರಿ ಒಂಬತ್ತೂವರೆಗೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುವವಳು. ಹಾಸಿಗೆಯಲ್ಲಿ ಎಂಟೂವರೆ ಗಂಟೆ, ನಿದ್ದೆ ಮಾತ್ರ ಐದು ಗಂಟೆ ಚಿಲ್ಲರೆ. ಶೇಕಡ 60ರ ಆಸುಪಾಸು. ‘ಮೇಡಂ, ನೀವು ಮೂರು ಗಂಟೆ ಹಾಸಿಗೆಯಲ್ಲಿ ಎಚ್ಚರವಾಗಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದೀರಿ’ ಎಂದರು. ಪರಿಹಾರ ಕೇಳಿ ಸಿಟ್ಟು ಬಂತು: ರಾತ್ರಿ ಹನ್ನೆರಡಕ್ಕೆ ಮೊದಲು ಮಲಗಬಾರದು, ಐದೂವರೆಗೆ ಏಳಲೇಬೇಕು, ಹಗಲು ಕಣ್ಣು ಮುಚ್ಚಬಾರದು. ನಿದ್ದೆ ಇಲ್ಲವೆಂದು ಹೋದವಳಿಗೆ ನಿದ್ದೆ ಕಡಿತ! ತರ್ಕ ಇಷ್ಟೇ: ನಿದ್ದೆಯ ಹಸಿವು ಬೆಳೆಯಬೇಕು, ಹಾಸಿಗೆ ಕಂಡರೆ ದೇಹಕ್ಕೆ ಎಚ್ಚರವಲ್ಲ, ನಿದ್ದೆ ನೆನಪಾಗಬೇಕು. ಮಲಗಿ ಇಪ್ಪತ್ತು ನಿಮಿಷ ಆಯಿತೆನ್ನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು, ತೂಕಡಿಕೆ ಬಂದಾಗ ಮರಳಬೇಕು. ಗಡಿಯಾರ ನೋಡುವಂತಿಲ್ಲ. ನಿದ್ದೆಗೆ ಅಂಕ ಕೊಡುವ ನನ್ನ ಕೈಗಡಿಯಾರವನ್ನೂ ಬಿಚ್ಚಿಸಿದರು. ಅಲುಗಾಟ, ನಾಡಿಬಡಿತ ನೋಡಿ ಅದು ಮಾಡುವ ಅಂದಾಜನ್ನು ನಂಬಿ, ಚೆನ್ನಾಗಿ ಮಲಗಿದ ದಿನವೂ ನಾನು ಕುಗ್ಗುತ್ತಿದ್ದೆ.

ಒಂಬತ್ತಕ್ಕೆ ದೀಪ ಆರುವ ಊರಿನಲ್ಲಿ ಹನ್ನೆರಡರವರೆಗೆ ಎಚ್ಚರವಾಗಿರುವುದು ಎಂಥ ಶಿಕ್ಷೆ ಎಂಬುದು ಪೇಟೆಯವರಿಗೆ ತಿಳಿಯದು. ತೋಟದ ಲೆಕ್ಕ ಬರೆಯಲೇ ಎಂದು ಕೇಳಿದೆ, ಬೇಡವೆಂದರು, ಲೆಕ್ಕ ಚಿಂತೆಯನ್ನು ಎಬ್ಬಿಸುತ್ತದೆ. ಹಾಗಾಗಿ ಕಾಳುಮೆಣಸು ಹಸನು ಮಾಡುತ್ತಾ ಕೂತೆ. ಮೊರದಲ್ಲಿ ಜೊಳ್ಳು, ಕಡ್ಡಿ ಆರಿಸುತ್ತಾ ತಲೆ ಮೊರಕ್ಕೆ ತಾಗುವವರೆಗೆ. ಮೊದಲ ಎರಡು ವಾರ ಹಿಂದೆಂದಿಗಿಂತ ಕಷ್ಟ. ಆ ದಿನಗಳಲ್ಲಿ ಘಾಟಿ ರಸ್ತೆಯಲ್ಲಿ ಕಾರು ಓಡಿಸುವುದನ್ನು ಬಿಟ್ಟಿದ್ದೆ, ನೀವೂ ಬಿಡಿ. ಆಮೇಲೆ ಒಂದು ರಾತ್ರಿ ಎರಡು ಗಂಟೆಯ ಎಚ್ಚರ ಬರಲಿಲ್ಲ. ಹಾಸಿಗೆಯ ಹೊತ್ತಿನಲ್ಲಿ ಶೇಕಡ 85ಕ್ಕಿಂತ ಹೆಚ್ಚು ನಿದ್ದೆಯಾದ ವಾರ ಕಾಲು ಗಂಟೆ ಹೆಚ್ಚಿಸಿದರು. ಹಾಗೆ ಕಾಲು ಗಂಟೆಯಂತೆ ಕೂಡುತ್ತಾ ಈಗ ಹತ್ತೂಮುಕ್ಕಾಲಿಗೆ ಮಲಗುತ್ತೇನೆ. ಏಳುವ ಹೊತ್ತು ಮಾತ್ರ ಬದಲಾಗಿಲ್ಲ. ಹುತ್ತರಿಯ ಮರುದಿನವೂ ಐದೂವರೆಗೇ.

ನಾನು ಕಾಫಿ ಕುಡಿಯುವುದನ್ನು ಬಿಡಿಸಲು ಅವರು ಪಟ್ಟ ಪಾಡು ಬೇರೆ. ನಮ್ಮ ಮನೆಯದು ರೊಬಸ್ಟಾ, ಅರೇಬಿಕಾಕ್ಕಿಂತ ಹೆಚ್ಚು ಕಡಿಮೆ ಇಮ್ಮಡಿ ಕೆಫೀನ್. ಅದು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಬೆಲ್ಲದ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ಬೆಳೆಯುವವರು ನಾವೇ, ನಮಗೇ ಇದನ್ನು ಯಾರೂ ಹೇಳಿರಲಿಲ್ಲ. ಈಗ ಮಧ್ಯಾಹ್ನದ ಊಟದ ನಂತರ ಕಾಫಿ ಇಲ್ಲ. ಸಂಜೆ ನೆಂಟರು ಬಂದರೆ ಬರೀ ಚಿಕೋರಿಯ ಕಷಾಯ ಮಾಡಿಕೊಳ್ಳುತ್ತೇನೆ, ಅದರಲ್ಲಿ ಕೆಫೀನ್ ಇಲ್ಲ, ರುಚಿಯೂ ಇಲ್ಲ.

ದೋಷಗಳೂ ಇವೆ. ಶುಲ್ಕ ಕಡಿಮೆಯಿಲ್ಲ, ಕನ್ನಡದಲ್ಲಿ ಈ ಚಿಕಿತ್ಸೆ ಕೊಡುವವರನ್ನು ಹುಡುಕುವುದು ಕಷ್ಟ. ಎಲ್ಲಿ ವಿಚಾರಿಸುವುದೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಅಪಸ್ಮಾರ (ಫಿಟ್ಸ್) ಅಥವಾ ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ನಿದ್ದೆ ಕಡಿತಕ್ಕೆ ಇಳಿಯಬಾರದು. ಜೋರು ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುವವರದು ಬೇರೆಯೇ ಕಾಯಿಲೆ, ಅವರಿಗೆ ಮೊದಲು ಪರೀಕ್ಷೆಯಾಗಬೇಕು. ಯಜಮಾನರನ್ನು ಇದೇ ಕಾರಣಕ್ಕೆ ಕರೆದೊಯ್ಯಬೇಕೆಂದಿದ್ದೇನೆ, ಅವರು ಗಾದೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದಾರೆ.

ಮಳೆಯ ಭಯ ಪೂರ್ತಿ ಹೋಗಿದೆ ಎನ್ನಲಾರೆ. ಜುಲೈನಲ್ಲಿ ಒಂದೆರಡು ರಾತ್ರಿ ಇನ್ನೂ ಕೆಡುತ್ತದೆ, ಆದರೆ ಮಳೆಗಾಲದ ಆಚೆಗೆ ಅದು ಹಬ್ಬುವುದಿಲ್ಲ. ಹೆಚ್ಚು ಕಾಡುವುದು ಫೆಬ್ರವರಿ, ಮಾರ್ಚ್. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ತ್ರೀ ಫೇಸ್ ಕರೆಂಟ್ ಬರುವುದು ನಡುರಾತ್ರಿ, ಪೈಪ್ ಬದಲಿಸುವ ಹೊತ್ತಿಗೆ ಯಾರಾದರೂ ಎದ್ದಿರಲೇಬೇಕು. ಸರದಿ ಯಜಮಾನರಿಗೆ ಒಪ್ಪಿಸಿದ್ದೇನೆ. ಚಿಕಿತ್ಸೆಗೆ ಐದಕ್ಕೆ ನಾಲ್ಕೂವರೆ ಅಂಕ. ವರ್ಷಕ್ಕೊಮ್ಮೆ ಹಣ ಕಟ್ಟಿ ನವೀಕರಿಸಿ ಎಂದು ಮನಶ್ಶಾಸ್ತ್ರಜ್ಞೆಯ ಕಚೇರಿಯಿಂದ ಬರುವ ಸಂದೇಶಕ್ಕೆ ಮಾತ್ರ ಉತ್ತರಿಸಿಲ್ಲ. ದಿನಚರಿಯ ಹಾಳೆ ನನ್ನ ಬಳಿ ಇದೆ, ಬೇಕಾದಾಗ ಸುಂಟಿಕೊಪ್ಪದಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ.