ಸೆಲ್ ಕಲ್ಚರ್‌ಗೆಂದು ಕೊಂಡ ಎಟಿಪಿ ಪುಡಿ: ಆರು ತಿಂಗಳ ಬಳಕೆಯ ನಂತರ

ಪುಣೆಯ ನಮ್ಮ ಪ್ರಯೋಗಾಲಯಕ್ಕೆ ಬೇಸಿಗೆಯಲ್ಲಿ ತರಿಸಿದ ಎಟಿಪಿ (ಕೋಶದೊಳಗೆ ಶಕ್ತಿಯನ್ನು ಸಾಗಿಸುವ ಅಣು) ಡೈಸೋಡಿಯಂ ಲವಣದ 1 ಗ್ರಾಂ ಸೀಸೆಯನ್ನು, ಗಣೇಶಖಿಂಡದ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಸಂಗ್ರಹದಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳ ಮೇಲೆ ಆರು ತಿಂಗಳು ಬಳಸಿದ್ದೇವೆ. ಸರಕಿನಲ್ಲಿ ದೋಷವಿಲ್ಲ, ಗಂಟುಕಟ್ಟದೆ ಬಂದ ಬಿಳಿ ಪುಡಿ ಮೈನಸ್ 20 ಡಿಗ್ರಿಯಲ್ಲಿ ಇಂದಿಗೂ ಹಾಗೆಯೇ ಇದೆ. ನನ್ನ ಆಕ್ಷೇಪವಿರುವುದು ಅದನ್ನು ಮಾರುವಾಗ ಹೇಳುವ ಮಾತಿನ ಬಗ್ಗೆ.

ಇದು ಕೋಶಗಳಿಗೆ ಶಕ್ತಿ ಒದಗಿಸಿ ಬೆಳವಣಿಗೆ ಹೆಚ್ಚಿಸುತ್ತದೆ ಎಂದು ಪೂರೈಕೆದಾರರ ಕರಪತ್ರ ಹೇಳುತ್ತದೆ. ಅದನ್ನು ಓದಿ, ಧಾರವಾಡದಿಂದ ಬಂದ ನಮ್ಮ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಹಾಗಾದರೆ ಗ್ಲೂಕೋಸ್ ಕಡಿಮೆ ಮಾಡಿ ಇದನ್ನೇ ಹಾಕಬಹುದಲ್ಲ?" ಎಂದು ಕೇಳಿದಳು. ಹಾಗೆ ಮಾಡಲಾಗದು. ಋಣ ವಿದ್ಯುದಂಶ ಹೊತ್ತ ಎಟಿಪಿ ಅಣು ಕೋಶದ ಪೊರೆಯನ್ನು ತಾನಾಗಿ ದಾಟಲಾರದು. ಒಳಗೆ ಕೆಲವು ಮಿಲಿಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಮಟ್ಟದಲ್ಲಿರುವ ಎಟಿಪಿಯನ್ನು ಕೋಶವೇ ಗ್ಲೂಕೋಸ್, ಗ್ಲುಟಮಿನ್‌ಗಳಿಂದ ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ಹಾಕಿದ್ದು ಪೊರೆಯ ಮೇಲಿನ ಪಿ2ಎಕ್ಸ್, ಪಿ2ವೈ ಎಂಬ ಗ್ರಾಹಕಗಳಿಗೆ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್‌ಗಳಿಗೆ) ಸಂಕೇತವಾಗಿ ತಲುಪುತ್ತದೆ. ಆದ್ದರಿಂದಲೇ ಅದೇ ಪುಡಿ ಒಂದು ಬಗೆಯ ಕೋಶದ ವಿಭಜನೆಯನ್ನು ಚುರುಕುಗೊಳಿಸಿದರೆ ಇನ್ನೊಂದರದನ್ನು ತಡೆಯಬಹುದು, ಆ ಗ್ರಾಹಕಗಳಲ್ಲೊಂದಾದ ಪಿ2ಎಕ್ಸ್7 ಹೆಚ್ಚಾಗಿರುವ ಕೋಶಗಳು ಮಿಲಿಮೋಲಾರ್ ಪ್ರಮಾಣಕ್ಕೆ ಸತ್ತೂ ಹೋಗಬಹುದು. ಇದರ ಜೊತೆಗೆ ಸಿಡಿ39, ಸಿಡಿ73 ಎಂಬ ಕಿಣ್ವಗಳು ಎಟಿಪಿಯನ್ನು ಅಡೆನೋಸಿನ್ ಎಂಬ ಸಣ್ಣ ಅಣುವಿನವರೆಗೆ ಒಡೆಯುತ್ತವೆ. ಎರಡು ದಿನಗಳ ನಂತರ ಎಣಿಸಿದ ಕೋಶಗಳ ಸಂಖ್ಯೆಗೆ ಕಾರಣ ಎಟಿಪಿಯೋ ಅಡೆನೋಸಿನೋ ಎಂದು ತಿಳಿಯಲು ಅಡೆನೋಸಿನ್ ಮಾತ್ರ ಹಾಕಿದ ಇನ್ನೊಂದು ಫ್ಲಾಸ್ಕ್ ಪಕ್ಕದಲ್ಲಿರಲೇಬೇಕು.

ಲೇಬಲ್‌ನಲ್ಲಿ ಇರಬೇಕಾಗಿದ್ದ ಒಂದು ಎಚ್ಚರಿಕೆಯೂ ಇಲ್ಲ. ನೀರಿನಲ್ಲಿ ಕರಗಿದ ಈ ಲವಣ ಆಮ್ಲೀಯ. ಮೊದಲ ಸಲ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಪಿಎಚ್ 7ಕ್ಕೆ ತರದೆ ಹೆಚ್ಚಿನ ಪ್ರಮಾಣ ಹಾಕಿದಾಗ ಕೆಂಪಗಿದ್ದ ಮೀಡಿಯಂ (ಕೋಶ ಬೆಳೆಯುವ ಪೋಷಕ ದ್ರವ, ಆಮ್ಲ ಹೆಚ್ಚಾದರೆ ಬಣ್ಣ ಬದಲಿಸುತ್ತದೆ) ಕಣ್ಣೆದುರೇ ಹಳದಿಗೆ ತಿರುಗಿತು. ತಳಕ್ಕೆ ಅಂಟಿ ಹರಡಿರಬೇಕಾದ ಕೋಶಗಳು ಮರುದಿನ ಸೂಕ್ಷ್ಮದರ್ಶಕದಲ್ಲಿ ದುಂಡಗಾಗಿ ತೇಲುತ್ತಿದ್ದವು. ಆಮ್ಲದಿಂದಾದ ಆ ಸಾವನ್ನು ಎಟಿಪಿಯ ಪರಿಣಾಮವೆಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡುವವರಿದ್ದೆವು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಗ್ರಾಹಕಗಳ ಅಧ್ಯಯನಕ್ಕಾದರೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ದ್ರಾವಣವನ್ನು ಸಣ್ಣ ಟ್ಯೂಬ್‌ಗಳಲ್ಲಿ ಹಂಚಿ ಫ್ರೀಜ್ ಮಾಡಿ, ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಕೋಶದೊಳಗಿನ ಎಟಿಪಿಯನ್ನು ಅಳೆಯುವುದು ನಿಮ್ಮ ಉದ್ದೇಶವಾಗಿದ್ದರೆ, ಬೆಳಕು ಹೊಮ್ಮಿಸುವ ಮಿಂಚುಹುಳದ ಕಿಣ್ವವಾದ ಲೂಸಿಫರೇಸ್ ಬಳಸುವ ಕಿಟ್‌ಗೆ ಆ ಹಣವನ್ನು ಎತ್ತಿಡಿ.