ತ್ರೀಡಿ ಚಿತ್ರದ ಬಿಸಿಲನ್ನು ನಂಬಿ ಗೋಡೆಯ ಬಣ್ಣ ಒಪ್ಪಬೇಡಿ

ಮೈಸೂರಿನಲ್ಲಿ ನಾವು ಕಟ್ಟಿಸಿದ ಮನೆಯ ಹಾಲ್‌ನಲ್ಲಿ ಹಗಲು ಹೊತ್ತಿನಲ್ಲೂ ದೀಪ ಹಾಕಬೇಕಾಗಿದೆ. ಒಳಾಂಗಣ ವಿನ್ಯಾಸಕರು ಒಪ್ಪಿಗೆಗಾಗಿ ತೋರಿಸಿದ ತ್ರೀಡಿ ಚಿತ್ರದಲ್ಲಿ ದಕ್ಷಿಣದ ಕಿಟಕಿಯಿಂದ ಬಂದ ಬಿಸಿಲು ಸೋಫಾದವರೆಗೂ ಚಾಚಿಕೊಂಡಿತ್ತು. ಇಷ್ಟು ಬೆಳಕಿರುವ ಕೋಣೆಗೆ ಗಾಢ ಬೂದು ಬಣ್ಣವೂ ವಾಲ್‌ನಟ್ ಲ್ಯಾಮಿನೇಟೂ ಚೆನ್ನಾಗಿ ಒಪ್ಪುತ್ತವೆ ಎಂದು ಅವರೇ ಸೂಚಿಸಿದ್ದರು. ಈಗ ಗೋಡೆಗೆ ಮತ್ತೆ ಬಣ್ಣ ಹೊಡೆಸುತ್ತಿದ್ದೇವೆ. ಲ್ಯಾಮಿನೇಟನ್ನು ಕಿತ್ತು ಹಾಕುವ ಖರ್ಚು ನಮ್ಮ ಕೈಮೀರಿದ್ದು.

ಆ ಚಿತ್ರವನ್ನು ಸ್ಕೆಚ್‌ಅಪ್ ಎಂಬ ತ್ರೀಡಿ ವಿನ್ಯಾಸದ ತಂತ್ರಾಂಶದಲ್ಲಿ ಮಾಡಲಾಗಿತ್ತು. ಪರಿಚಯದ ಆರ್ಕಿಟೆಕ್ಟ್ ಒಬ್ಬರು ಆ ಫೈಲನ್ನು ತೆರೆದು ನೋಡಿದಾಗ ಕಾರಣ ತಿಳಿಯಿತು. ಆ ತಂತ್ರಾಂಶದಲ್ಲಿ ನಿವೇಶನದ ಸ್ಥಳವನ್ನು ನಮೂದಿಸದೆ ನೆರಳನ್ನು ಚಾಲೂ ಮಾಡಿದರೆ, ಅದು ತನ್ನಲ್ಲಿ ಮೊದಲೇ ಇರುವ ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್ ನಗರದ ಸೂರ್ಯನನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಬೋಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮೈಸೂರು ಸುಮಾರು 12ರಲ್ಲಿ. ಡಿಸೆಂಬರ್ 21ರ ನಡು ಮಧ್ಯಾಹ್ನ ಅಲ್ಲಿನ ಸೂರ್ಯ ದಿಗಂತದಿಂದ ಸುಮಾರು 27 ಡಿಗ್ರಿ ಮಾತ್ರ ಮೇಲಿದ್ದರೆ ಇಲ್ಲಿ 54 ಡಿಗ್ರಿಯಷ್ಟು ಏರಿರುತ್ತಾನೆ. ನಮ್ಮ ಕಿಟಕಿಯ ಮೇಲಂಚು ನೆಲದಿಂದ 7 ಅಡಿ ಎತ್ತರದಲ್ಲಿದ್ದು, ಅದರ ಮೇಲೆ 2 ಅಡಿಯ ಸಜ್ಜಾ ಇದೆ. ಆ ಲೆಕ್ಕದಲ್ಲಿ ಬೋಲ್ಡರ್‌ನ ಬಿಸಿಲು ಒಳಗೆ 12 ಅಡಿ ಬಂದರೆ ಮೈಸೂರಿನದು 3 ಅಡಿಗೇ ನಿಲ್ಲುತ್ತದೆ. ಜೂನ್‌ನಲ್ಲಂತೂ ನಮ್ಮ ಸೂರ್ಯ ದಿನವಿಡೀ ಉತ್ತರದ ಕಡೆಗೇ ಇರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ತಾಗುವುದಿಲ್ಲ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನೆರಳಿನ ಪ್ಯಾನೆಲ್‌ನಲ್ಲಿ ಡಾರ್ಕ್ ಎಂಬ ಸ್ಲೈಡರ್ ಇದೆ. ಅದನ್ನು ಏರಿಸಿದಷ್ಟೂ ನೆರಳಿನ ಭಾಗಗಳು ತಿಳಿಯಾಗಿ ಕಾಣುತ್ತವೆ, ಅದಕ್ಕೂ ನಿಜವಾದ ಬೆಳಕಿಗೂ ಸಂಬಂಧವಿಲ್ಲ. ಅದನ್ನು ಬಹಳ ಮೇಲಕ್ಕೆ ಏರಿಸಲಾಗಿತ್ತು. ರೆಂಡರ್ ಮಾಡುವಾಗ, ಅಂದರೆ ಮಾದರಿಯಿಂದ ಫೋಟೋದಂಥ ಅಂತಿಮ ಚಿತ್ರ ತೆಗೆಯುವಾಗ, ಚಿತ್ರದಲ್ಲಿ ಕಾಣದ ದೀಪಗಳನ್ನೂ ಚಾವಣಿಯ ಕೆಳಗೆ ತೂಗುಬಿಟ್ಟಿದ್ದರು. ಪಕ್ಕದ ಸೈಟಿನ ಮೂರಂತಸ್ತಿನ ಕಟ್ಟಡವಂತೂ ಮಾದರಿಯಲ್ಲಿ ಇರಲೇ ಇಲ್ಲ. ಕೇಳಿದಾಗ, ತ್ರೀಡಿ ಎಂಬುದು ಅಂದಾಜಿಗಷ್ಟೇ ಎಂಬ ಉತ್ತರ ಬಂತು. ಅಂದಾಜಿಗೆ ಮಾಡಿದ ಚಿತ್ರವನ್ನು ಮುಂದಿಟ್ಟು ಬಣ್ಣಕ್ಕೆ ಸಹಿ ಪಡೆಯುವುದು ನ್ಯಾಯವಲ್ಲ.

ಆದ್ದರಿಂದ ಸಹಿ ಹಾಕುವ ಮುನ್ನ, ನಿಮ್ಮ ಊರನ್ನೂ ನಿವೇಶನದ ಉತ್ತರ ದಿಕ್ಕನ್ನೂ ಹೊಂದಿಸಿ, ಅಕ್ಕಪಕ್ಕದ ಕಟ್ಟಡಗಳನ್ನು ಬರಿಯ ಪೆಟ್ಟಿಗೆಗಳಂತಾದರೂ ಸೇರಿಸಿ, ಜೂನ್ ಮತ್ತು ಡಿಸೆಂಬರ್ 21ರ ಬೆಳಗ್ಗೆ, ಮಧ್ಯಾಹ್ನ, ಸಂಜೆಯ ನೋಟಗಳನ್ನು ತೋರಿಸುವಂತೆ ಕೇಳಿ. ರಾತ್ರಿಯ ನೋಟದಲ್ಲಿ ಎಲೆಕ್ಟ್ರಿಕಲ್ ನಕ್ಷೆಯಲ್ಲಿರುವ ದೀಪಗಳನ್ನು ಬಿಟ್ಟು ಬೇರೊಂದೂ ಇರಕೂಡದು.